ಅರವತ್ತಮೂರು ಪ್ರಬಂಧಗಳ ದೇಸಾಯರು

ಕಾಲೇಜಿನ ಗುಮಾಸ್ತ ಜುಬೇರ ಗೂಗಲ್ಲಿನಲ್ಲಿ ‘ಡಾ. ಎಸ್. ದೇಸಾಯಿ’ ಎಂದು ಹುಡುಕಿ, ಸಿಕ್ಕಿದ್ದನ್ನೆಲ್ಲ ಗೋಣಿಚೀಲಕ್ಕೆ ಶೇಂಗಾ ತುಂಬುವ ಹಾಗೆ ತುಂಬಿ ಕಾಲೇಜಿನ ಜಾಲತಾಣಕ್ಕೆ ಸುರಿದದ್ದೇ ಎಲ್ಲಕ್ಕೂ ಮೂಲ.

ಹುನಗುಂದದ ಮಲಪ್ರಭಾ ಮೆಡಿಕಲ್ ಕಾಲೇಜಿನ ನರರೋಗ ತಜ್ಞ ಶ್ರೀಶೈಲ ದೇಸಾಯರಿಗೆ ಇದು ತಿಳಿದದ್ದು ತಪಾಸಣಾ ತಂಡ ಬರುವ ದಿನ ಬೆಳಿಗ್ಗೆ. ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ಭುವನೇಶ್ವರಿ ಕರದಂಟಿನ ಡಬ್ಬಿ ಹಿಡಿದು ಬಾಗಿಲಿಗೆ ಬಂದಿದ್ದರು.

“ಅರವತ್ಮೂರು ಪುರಾತನರಿದ್ದಂಗ ಅರವತ್ಮೂರು ಪ್ರಬಂಧ ಬರದೀರಂತಲ್ರಿ ಡಾಕ್ಟ್ರ. ಒಂದ ಓಣ್ಯಾಗ ಇದ್ದು ನಮಗ ಒಂದ ಮಾತು ಹೇಳಲಿಲ್ಲ.”

ಡಾಕ್ಟರು ಮೊಬೈಲಿನಲ್ಲಿ ಕಾಲೇಜಿನ ಜಾಲತಾಣ ತೆಗೆದು ನೋಡಿದರು. ವಂಶಪಾರಂಪರ್ಯ ನರರೋಗಗಳ ಮೇಲೆ ಅರವತ್ತಮೂರು ಪ್ರಬಂಧಗಳು. ಮೊದಲನೆಯದು ಅವರು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲೇ ಪ್ರಕಟವಾಗಿತ್ತು. ಅರವತ್ತೆರಡು ಗುಜರಾತಿನ ಯಾರೋ ಹಿರಿಯ ಎಸ್. ದೇಸಾಯಿಯವರವು. ಕೊನೆಯದೊಂದು ಮಾತ್ರ ಇವರದು.

ಆ ಒಂದಕ್ಕೆ ಒಂಬತ್ತು ವರ್ಷ ಹಿಡಿದಿತ್ತು. ಗುಳೇದಗುಡ್ಡದ ನೇಕಾರ ಅಂದಪ್ಪನ ಮನೆತನದಲ್ಲಿ ನಲವತ್ತು ದಾಟಿದವರಿಗೆ ಕಾಲು ತೂರಾಡುತ್ತಿದ್ದವು, ಮಾತು ತೊದಲುತ್ತಿತ್ತು. ಊರು ಅದಕ್ಕೆ ‘ಕುಡುಕರ ಮನಿ’ ಎಂದು ಹೆಸರಿಟ್ಟಿತ್ತು. ದೇಸಾಯರು ಮಗ್ಗದ ಪಕ್ಕದಲ್ಲೇ ಕೂತು ನಾಲ್ಕು ತಲೆಮಾರಿನ ವಂಶವೃಕ್ಷ ಬರೆದು, ರಕ್ತ ಪರೀಕ್ಷೆ ಮಾಡಿಸಿ, ಇದು ಹೆಂಡದ ಕೆಲಸವಲ್ಲ, ಹುಟ್ಟಿನಿಂದ ಬಂದ ಬೇನೆ ಎಂದು ತೋರಿಸಿಕೊಟ್ಟಿದ್ದರು. ಅಂದಪ್ಪನ ಹೆಂಡತಿ ಶಿವಬಸವ್ವ ಪ್ರಬಂಧದ ಮೊದಲ ಪುಟಕ್ಕೆ ಫ್ರೇಮು ಹಾಕಿಸಿ, “ಇಂಗ್ಲೀಷ್ ನನಗ ಬರಂಗಿಲ್ಲ. ಆದ್ರ ನನ್ನ ಗಂಡ ಒಂದ ಹನಿ ಮುಟ್ಟಿಲ್ಲಂತ ಇದರಾಗ ಐತಿ,” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಕದ್ದ ಮಾಲಿನ ನಡುವೆ ಕೂತರೆ ಆ ಪುಟವನ್ನೂ ಯಾರು ನಂಬುತ್ತಾರೆ? ಇವತ್ತು ಪಟ್ಟಿ ತೆಗೆಸಿಯೇ ತೀರುವುದೆಂದು ಡಾಕ್ಟರು ಹೊರಟರು.

“ತೆಗೀಬೇಕಂದ್ರ ಪ್ರಿನ್ಸಿಪಾಲರ ಸಹಿ ಬೇಕ್ರಿ ಸರ,” ಎಂದ ಜುಬೇರ.

“ಹಾಕಾಕ ಯಾರ ಸಹಿ ತಗೊಂಡಿದ್ದಿ?”

“ಹಾಕಾಕ ಬೇಕಾಗಿಲ್ರಿ.”

ಪ್ರಿನ್ಸಿಪಾಲ ಶಂಕರಲಿಂಗ ಅವರು ಡಾಕ್ಟರ ಹೆಗಲ ಮೇಲೆ ಕೈ ಇಟ್ಟರು. “ತಂಡ ಹೋಗೂತನಕ ಸುಮ್ನಿರ್ರಿ.”

“ನಾ ಹುಟ್ಟೂಕಿಂತ ಮೊದಲ ಬರದದ್ದೂ ಅದರಾಗ ಐತ್ರಿ ಸರ.”

“ವಂಶಪಾರಂಪರ್ಯದ ವಿಷಯ ಅಲ್ಲೇನ್ರಿ? ಅದು ಹುಟ್ಟೂಕಿಂತ ಮೊದಲ ಶುರುವಾಗೂದು.”

ಡಾಕ್ಟರು ಜಗ್ಗಲಿಲ್ಲ. ಹೊರಗೆ ಬಂದರೆ ಗೇಟಿಗೆ ಜವಾನ ಹನಮಂತಪ್ಪ ಆಳೆತ್ತರದ ಬ್ಯಾನರು ಕಟ್ಟಿದ್ದ. ಅದರಲ್ಲಿ ದೇಸಾಯರ ಫೋಟೋ, ಕೆಳಗೆ ‘೬೩’. ಅವರು ಸ್ಟೂಲು ಹತ್ತಿ ಹಗ್ಗ ಎಳೆದರು. ಬ್ಯಾನರು ಬಿತ್ತು, ಸ್ಟೂಲು ಉರುಳಿತು, ಡಾಕ್ಟರು ಅದರೊಳಗೆ ಸುತ್ತಿಕೊಂಡು ಅಂಗಡಿಯ ಇಳಕಲ್ ಸೀರೆಯ ಹಾಗೆ ಮಡಿಚಿಕೊಂಡು ಬಿದ್ದರು. ಅದೇ ಹೊತ್ತಿಗೆ ತಂಡದ ಕಾರು ಬಂದು ನಿಂತಿತು.

“ಇವರು ಯಾರ್ರಿ?” ಎಂದರು ಧಾರವಾಡದಿಂದ ಬಂದ ತಂಡದ ಮುಖ್ಯಸ್ಥೆ.

“ದೇಸಾಯಿರಿ ಮೇಡಂ,” ಎಂದಿತು ಬ್ಯಾನರಿನೊಳಗಿನ ದನಿ. “ಆ ಪಟ್ಟಿಯೊಳಗಿನ ಪ್ರಬಂಧ ನನ್ನವಲ್ರಿ.”

ಮೇಡಂ ಮೆಚ್ಚಿಕೊಂಡರು. “ತಮ್ದಲ್ಲದ್ದನ್ನ ತಮ್ದಲ್ಲ ಅಂದವರು ಇಪ್ಪತ್ತು ವರ್ಷದಾಗ ನೀವ ಮೊದಲು. ಬರದು ಕೊಡ್ರಿ.”

ಜುಬೇರ ಎರಡು ನಿಮಿಷದಲ್ಲಿ ಟೈಪು ಮಾಡಿ ತಂದ: ‘ಲಗತ್ತಿಸಿದ ಪಟ್ಟಿಯಲ್ಲಿರುವ ಪ್ರಬಂಧಗಳು ನನ್ನವಲ್ಲ.’ ಪ್ರಿನ್ಸಿಪಾಲರು ಅಡ್ಡ ಬಂದಾರೆಂಬ ಅವಸರದಲ್ಲಿ ಡಾಕ್ಟರು ಓದದೆ ಪುಟಪುಟಕ್ಕೂ ಸಹಿ ಜಡಿದರು. ಮೇಡಂ ಶಿಕ್ಕಾ ಒತ್ತಿ ಒಯ್ದರು.

ಸಂಜೆ ಪ್ರಿನ್ಸಿಪಾಲರು ಕರೆಸಿದರು. ಮುಖದಲ್ಲಿ ನಗು. “ಕಾಲೇಜಿನ ಮರ್ಯಾದಿ ಉಳಿಸಿದ್ರಿ. ತಂಡಕ್ಕ ಆ ಗುಳೇದಗುಡ್ಡದ ಪ್ರಬಂಧ ಭಾಳ ಹಿಡಿಸೇತಿ.”

ಡಾಕ್ಟರ ಎದೆ ಹಗುರಾಯಿತು. “ಅದ ನಂದ್ರಿ ಸರ.”

ಪ್ರಿನ್ಸಿಪಾಲರು ಕಾಗದ ಮುಂದೆ ಸರಿಸಿದರು. ಲಗತ್ತಿಸಿದ ಪಟ್ಟಿ ಒಂದರಿಂದ ಅರವತ್ತಮೂರರವರೆಗೂ ಇತ್ತು. “ನಂದಲ್ಲಂತ ನೀವ ಸಹಿ ಮಾಡೀರಲ್ರಿ.”

“ತಪ್ಪಾಗೇತ್ರಿ. ತಿದ್ದಿ ಕೊಡ್ತೇನಿ.”

“ಮುಂಜಾನಿ ಒಂದು, ಸಂಜಿಕ ಒಂದು ಅಂದ್ರ ಯಾರು ನಂಬತಾರ್ರಿ? ನಾವು ಗುಜರಾತಿನ ದೇಸಾಯರಿಗೇ ಫೋನ್ ಮಾಡಿ ಕೇಳಿದ್ವಿ.”

“ಅವರು ತಮ್ದಲ್ಲ ಅಂದಿರಬೇಕಲ್ರಿ?” ಡಾಕ್ಟರು ಕುರ್ಚಿಯ ತುದಿಗೆ ಬಂದರು.

“ಅಷ್ಟು ಬರದವರಿಗೆ ಯಾವ್ದಂತ ನೆನಪಿರ್ತದ? ‘ಬರೆದಿದ್ರೂ ಬರೆದಿರಬಹುದು’ ಅಂದ್ರು. ಬರೂ ಸೋಮವಾರ ಬಂದು ಆ ಮನಿತನದ ಬಗ್ಗೆ ಭಾಷಣ ಮಾಡ್ತಾರ. ಮೊದಲ ಅಂದಪ್ಪನ ಮನಿ ನೋಡಬೇಕಂತ. ದಾರಿ ನಿಮಗೊಬ್ಬರಿಗ ಗೊತ್ತೈತಿ. ಜೀಪು ಕೊಡ್ತೇನಿ, ನೀವ ಕರ್ಕೊಂಡು ಹೋಗಿ ಪರಿಚಯ ಮಾಡಿಸ್ರಿ.”