ಯಾರಿಗೂ ಹೇಳಬೇಡಿ ಎಂದು ನಾನು ಮಾಡಿದ ಪಾಠಗಳು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇಲ್ಲಿಯವರೆಗೆ ನಾನು ಬರೆದದ್ದೆಂದರೆ ಪಾಠ ಟಿಪ್ಪಣಿ ಮತ್ತು ರಜೆ ಅರ್ಜಿ, ಎರಡೇ. ನಗು ಬರುವ ಜಾಗದಲ್ಲಿ ವಿವರಣೆ ಬಂದರೆ ಓದುಗರು ಸಹಿಸಿಕೊಳ್ಳಬೇಕು. ಆದರೆ ನಮ್ಮ ಶಾಲೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ, ಯಾರಾದರೂ ಬರೆದಿಡಬೇಕಲ್ಲ.

ನಮ್ಮದು ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಸರ್ಕಾರಿ ಪ್ರೌಢಶಾಲೆ. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಆನ್‌ಲೈನ್ ಸುರಕ್ಷತೆಯ ತರಬೇತಿಗೆ ಯಾರು ಹೋಗುತ್ತೀರಿ ಎಂದು ಹೆಡ್ ಮೇಡಂ ಕೇಳಿದಾಗ ಉಳಿದವರೆಲ್ಲ ಕಿಟಕಿಯ ಹೊರಗೆ ನೋಡಿದರು. ನಾನು ಮೇಡಂ ಮುಖ ನೋಡಿದೆ. ಹೀಗೆ ನಾನು ಆಯ್ಕೆಯಾದೆ.

ಲೆಕ್ಕದ ಮೇಷ್ಟ್ರ ಜಾಗ ಖಾಲಿ ಇರುವುದರಿಂದ ಲೆಕ್ಕವನ್ನೂ ನಾನೇ ಮಾಡುತ್ತೇನೆ. ಇದನ್ನು ಏಕೆ ಹೇಳಿದೆನೆಂದರೆ, ಒಂಬತ್ತನೇ ತರಗತಿಯಲ್ಲಿ ಲೆಕ್ಕದ ಹುಚ್ಚಿರುವ ಒಬ್ಬ ಹುಡುಗಿ ಇದ್ದಾಳೆ. ನನ್ನ ಪಾಠ ಅವಳಿಗೆ ಸಾಲದು ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ದಿನಾ ಸಂಜೆ ಅಪ್ಪನ ಫೋನಿನಲ್ಲಿ ಬರುವ ಲೆಕ್ಕದ ಪಾಠಗಳೇ ಅವಳಿಗೆ ಆಧಾರ. ಅಪ್ಪ ರೇಷ್ಮೆ ಹುಳು ಸಾಕುವ ರೈತ. ನಾನು ಹೇಳಲಿರುವುದೆಲ್ಲ ಆ ಫೋನಿನ ಕಥೆಯೇ.

ಬೀಗ

ಮೊದಲ ಪಾಠ ಪಾಸ್‌ವರ್ಡಿನದು. ಪಾಸ್‌ವರ್ಡ್ ಎಂದರೆ ಮನೆಯ ಬೀಗದ ಕೈ ಇದ್ದಂತೆ, ಯಾರಿಗೂ ಹೇಳಬಾರದು, ಮೇಷ್ಟ್ರು ಕೇಳಿದರೂ ಹೇಳಬಾರದು ಎಂದೆ. ಮಕ್ಕಳು ತಲೆಯಾಡಿಸಿದರು. ಸಾಮಾನ್ಯವಾಗಿ ಅವರು ತಲೆಯಾಡಿಸಿದರೆ ಏನೂ ಆಗುವುದಿಲ್ಲ. ಈ ಸಲ ಆಯಿತು.

ಎರಡು ದಿನ ಬಿಟ್ಟು ಹೆಡ್ ಮೇಡಂ ಫೋನಿಗೆ ಹುಡುಗಿಯ ಅಪ್ಪನ ಕರೆ ಬಂತು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಗೂಡು ತಂದಿದ್ದಾನೆ, ಫೋನ್ ತೆರೆಯುತ್ತಿಲ್ಲ, ಬೇರೆಯವರ ಫೋನಿಂದ ಮಾತಾಡುತ್ತಿದ್ದಾನೆ. ಮಗಳು ಬೆಳಿಗ್ಗೆ ಲಾಕ್ ಬದಲಾಯಿಸಿದ್ದಾಳೆ. ಹುಡುಗಿಯನ್ನು ಕರೆಸಿ ಫೋನ್ ಕೊಟ್ಟೆವು.

"ಸಾರ್ ಯಾರಿಗೂ ಹೇಳಬೇಡಿ ಅಂದವ್ರೆ ಅಪ್ಪಾ. ಫೋನಲ್ಲಂತೂ ಹೇಳ್ಲೇಬಾರ್ದಂತೆ" ಎಂದಳು.

ಅತ್ತಲಿಂದ ಅವನು ಫೋನನ್ನು ನನ್ನ ಕೈಗೆ ಕೊಡಿಸಿ, "ಮೇಷ್ಟ್ರೇ, ಫೋನು ನಂದಾ, ನಿಮ್ದಾ?" ಎಂದ. ಅವನದೇ ಎಂದು ಒಪ್ಪಿಕೊಂಡೆ. ಅಪ್ಪನಿಗೆ ಹೇಳಬಹುದಮ್ಮ ಎಂದು ಹುಡುಗಿಗೆ ಅನುಮತಿಯನ್ನೂ ಕೊಟ್ಟೆ. ಅವಳು ಹೇಳಲು ಸಿದ್ಧಳಿದ್ದಳು, ಆದರೆ ನನ್ನೆದುರಿಗೂ ಮೇಡಂ ಎದುರಿಗೂ ಹೇಳಲು ಸಿದ್ಧಳಿರಲಿಲ್ಲ.

ಆದ್ದರಿಂದ ಹೆಡ್ ಮೇಡಂ ತಮ್ಮ ಕೊಠಡಿಯಿಂದ ತಾವೇ ಎದ್ದು ಬಂದು ನನ್ನ ಜೊತೆ ವರಾಂಡದಲ್ಲಿ ನಿಂತರು. "ಪಾಠ ಚೆನ್ನಾಗಿ ಮುಟ್ಟಿದೆ" ಎಂದರು.

ಸಂಜೆ ಅಪ್ಪ ಶಾಲೆಗೆ ಬಂದ. ಸಿಟ್ಟಿನಿಂದಲ್ಲ, ಸಮಾಧಾನವಾಗಿಯೇ ಹೇಳಿದ: "ಅವಳು ಓದ್ಲಿ ಅಂತ್ಲೇ ಸಂಜೆ ಒಸಿ ಹೊತ್ತು ಫೋನ್ ಕೊಡ್ತಾವ್ನಿ. ನಿಮ್ ಪಾಠದಿಂದ ಹಿಂಗೇ ತಾಪತ್ರಯ ಆಯ್ತಿದ್ರೆ ಫೋನು ನನ್ ಜೇಬಲ್ಲೇ ಇರ್ತೈತೆ."

ಅಂದರೆ ಅವಳ ಲೆಕ್ಕ ನನ್ನ ಪಾಠದ ಮೇಲೆ ನಿಂತಿತು. ಈ ಭಾರದ ಬಗ್ಗೆ ನನಗೆ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ.

ಗುಟ್ಟಿನ ಮಾತು

ಈಗ ಮೋಸಗಾರರು ನೆಂಟರ ದನಿಯಲ್ಲೇ ಫೋನ್ ಮಾಡುತ್ತಾರೆ. ಅದಕ್ಕೆ ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ, ಅನುಮಾನ ಬಂದರೆ ಆ ಮಾತು ಕೇಳಿ ಎಂದು ಮುಂದಿನ ಪಾಠ ಮಾಡಿದೆ. ಫೋನಿನಲ್ಲಿ ಕೇಳಿ ಎಂದು ಒತ್ತಿ ಹೇಳಬೇಕಿತ್ತು. ಹೇಳಲಿಲ್ಲ.

ಹುಡುಗಿಯ ಚಿಕ್ಕಪ್ಪ ಬಿಡದಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಪಾಳಿ ಮುಗಿಸಿ ಹಸಿದು ಮನೆಗೆ ಬಂದರೆ ಬಾಗಿಲು ಹಾಕಿದೆ. ಒಳಗಿಂದ ಹುಡುಗಿ ಗುಟ್ಟಿನ ಮಾತು ಕೇಳುತ್ತಿದ್ದಾಳೆ. ಅವನಿಗೆ ಮರೆತುಹೋಗಿತ್ತು. "ನಾನು ಕಣವ್ವ, ನಿನ್ ಚಿಕ್ಕಪ್ಪ" ಎಂದರೆ, ಎಲ್ಲ ಮೋಸಗಾರರೂ ಹಾಗೇ ಅನ್ನುತ್ತಾರೆ ಎಂದಳಂತೆ. ಇದೂ ನನ್ನ ಪಾಠವೇ.

ಎದುರು ಮನೆಯ ಜಗಲಿಯಲ್ಲಿ ಕೂತಿದ್ದ ಅಜ್ಜಿಗೆ ಮಗನ ಹಸಿವು ನೋಡಲಾಗಲಿಲ್ಲ. ಅಲ್ಲಿಂದಲೇ ಕೂಗಿದರು: "ಲೇ, ಕೆಂಗಲ್ ಹನುಮಪ್ಪ ಅನ್ಲಾ, ತಗೀತಾಳೆ."

ಬಾಗಿಲು ತೆರೆಯಿತು. ಬೀದಿಯವರಿಗೆಲ್ಲ ಗುಟ್ಟೂ ತಿಳಿಯಿತು. ಮಾರನೆಯ ದಿನದಿಂದ ಸೊಪ್ಪು ಮಾರುವವಳು ಆ ಮನೆಯ ಮುಂದೆ ಮಾತ್ರ ಸೊಪ್ಪು ಎಂದು ಕೂಗುವುದನ್ನು ಬಿಟ್ಟಳು. ಬಾಗಿಲ ಮುಂದೆ ನಿಂತು "ಕೆಂಗಲ್ ಹನುಮಪ್ಪ" ಅನ್ನುತ್ತಾಳೆ.

ಫೋಟೊ

ಗುರುತಿಲ್ಲದವರು ಫೋಟೊ ಕೇಳಿದರೆ ಕೊಡಬೇಡಿ, ಮುಖ ತಿರುಗಿಸಿ ಬನ್ನಿ. ಇದು ಮೂರನೆಯ ಪಾಠ. ಪಾಠದಲ್ಲಿ ತಪ್ಪಿಲ್ಲ. ದಿನದಲ್ಲಿ ತಪ್ಪಿತ್ತು. ಮಾರನೆಯ ದಿನವೇ ತರಗತಿಯ ಗ್ರೂಪ್ ಫೋಟೊ ತೆಗೆಯಲು ಚನ್ನಪಟ್ಟಣದಿಂದ ಫೋಟೊದವನು ಬಂದ. ಪ್ರತಿವರ್ಷ ಬರುವವನು ಬೇರೆ, ಈ ವರ್ಷ ಅವನ ಭಾಮೈದ ಬಂದಿದ್ದ.

ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿ, "ಎಲ್ಲಾ ಇತ್ಲಾಗ್ ನೋಡಿ" ಎಂದು ಅವನು ಗುಂಡಿ ಒತ್ತುವುದಕ್ಕೂ, ಇಡೀ ತರಗತಿ ಅತ್ತ ತಿರುಗುವುದಕ್ಕೂ ಸರಿಹೋಯಿತು. ಮದುವೆಗೆ ಹೊತ್ತಾಯಿತೆಂದು ಅವನು ಇನ್ನೊಂದು ತೆಗೆಯದೆ ಹೊರಟೇಹೋದ. ಆ ಫೋಟೊ ಈಗ ಹೆಡ್ ಮೇಡಂ ಕೊಠಡಿಯಲ್ಲಿದೆ. ಅದರಲ್ಲಿ ಮುಖ ಕಾಣುವುದು ನನ್ನೊಬ್ಬನದೇ, ಅದೂ ನಗುತ್ತಿದೆ.

ಹುಡುಗಿಯ ಅಪ್ಪ ತನ್ನ ಪ್ರತಿಯನ್ನು ಹಿಡಿದುಕೊಂಡು ಬಂದ. "ಜಡೆ ಚೆಂದಾಗ್ ಬಂದೈತೆ ಮೇಷ್ಟ್ರೇ. ಮಖ ಯಾವಾಗ ಕೊಡ್ತೀರಿ?" ಎಂದ. ಹೋಗುವಾಗ ಗೇಟಿನ ಹತ್ತಿರ ನಿಂತು, ಇನ್ನೊಂದು ತಾಪತ್ರಯ ಆದರೆ ಮಗಳಿಗೆ ಫೋನ್ ಕೊಡುವುದಿಲ್ಲ ಎಂದ. ಈ ಸಲ ತಮಾಷೆಯ ದನಿ ಇರಲಿಲ್ಲ. ಹುಡುಗಿ ಅಲ್ಲೇ ಇದ್ದಳು. ಅವಳು ನನ್ನನ್ನು ನೋಡಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

ಪೊಲೀಸಪ್ಪ

ಆಮೇಲೆ ನಾನು ಬಹಳ ಎಚ್ಚರಿಕೆಯಿಂದ ಒಂದೇ ಪಾಠ ಮಾಡಿದೆ. ನಿಜವಾದ ಪೊಲೀಸರು ವಿಡಿಯೋ ಕಾಲಿನಲ್ಲಿ ಯಾರನ್ನೂ ಬಂಧಿಸುವುದಿಲ್ಲ, ಹಾಗೆ ಹೇಳುವವನು ಕಳ್ಳ, ಕರೆ ಕತ್ತರಿಸಿ. ಇದರಿಂದ ಯಾರಿಗೂ ತೊಂದರೆಯಾಗಲಾರದು ಎಂದು ಎರಡು ಸಲ ಯೋಚಿಸಿಯೇ ಮಾಡಿದೆ.

ಆ ವಾರವೇ ಹುಡುಗಿಯ ಅಪ್ಪ ಹುಳು ಮನೆಯಲ್ಲಿದ್ದಾಗ ವಿಡಿಯೋ ಕಾಲ್ ಬಂತು. ಹುಳು ದೊಡ್ಡದಾಗಿ ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ತಿನ್ನುವ ದಿನಗಳು. ಫೋನಿನಲ್ಲಿ ಖಾಕಿ ತೊಟ್ಟವನೊಬ್ಬ. ನಿನ್ನ ಹೆಸರಿನ ಪಾರ್ಸೆಲ್‌ನಲ್ಲಿ ಏನೋ ಸಿಕ್ಕಿದೆ, ನಿನ್ನನ್ನು ಬಂಧಿಸಲಾಗಿದೆ, ಯಾರಿಗೂ ಹೇಳಬೇಡ, ಫೋನ್ ಇಡಬೇಡ, ಈ ಕೋಣೆ ಬಿಟ್ಟು ಕದಲಬೇಡ ಎಂದ.

"ಹುಳ ಹಣ್ಣಾಗಿ ಗೂಡು ಕಟ್ಟೋಗಂಟ ನಾನೆಲ್ಲೂ ಕದಲಾಕಾಯ್ತದಾ ಸ್ವಾಮಿ" ಎಂದನಂತೆ ಇವನು. ಆದರೆ ಕರೆ ಕತ್ತರಿಸಲಿಲ್ಲ. ಬ್ಯಾಂಕಿನ ಖಾತೆಯ ವಿವರ ಹೇಳು ಎಂದಾಗ, ನೆನಪಿಸಿಕೊಳ್ಳತೊಡಗಿದ.

ಅಷ್ಟರಲ್ಲಿ ಮಗಳು ಸೊಪ್ಪಿನ ಮಂಕರಿ ಹೊತ್ತು ಬಂದಳು. ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಅಪ್ಪ ತುಟಿಯ ಮೇಲೆ ಬೆರಳಿಟ್ಟ. ಇವನು ಕಳ್ಳ, ಸಾರ್ ಹೇಳಿದ್ದಾರೆ ಎಂದರೆ ಏನಾಗುತ್ತದೆಂದು ಅವಳು ಲೆಕ್ಕ ಹಾಕಿದಳು. "ಮತ್ತೆ ನಿಮ್ ಸಾರಾ?" ಎಂದು ಅಪ್ಪ ಕಿವಿಗೆ ಹಾಕಿಕೊಳ್ಳುವುದಿಲ್ಲ, ಖಾತೆಯೂ ಹೋಗುತ್ತದೆ, ಫೋನೂ ಹೋಗುತ್ತದೆ. ಅದಕ್ಕೆ ನನ್ನ ಹೆಸರೇ ಎತ್ತಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು:

"ಅಪ್ಪಾ, ಆ ಯಪ್ಪ ಆಗ್ಲಿಂದ ನಮ್ ಹುಳನೇ ನೋಡ್ತಾವ್ನೆ."

ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಹುಳು ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಕಣ್ಣು ಬಿದ್ದರೆ ಹುಳು ಗೂಡು ಕಟ್ಟುವುದಿಲ್ಲ ಎಂಬ ಭಯ. ನೆಂಟರನ್ನೂ ಬಿಡುವುದಿಲ್ಲ. ನಾನು ಅವರ ಮನೆಗೆ ಹೋದಾಗಲೆಲ್ಲ ಹೊರಗಿನ ಜಗಲಿಯಲ್ಲೇ ಕಾಫಿ ಕುಡಿದು ಬಂದಿದ್ದೇನೆ.

ಪೊಲೀಸರಿಗೆ ಹೆದರಿ ನಿಂತಿದ್ದ ಮನುಷ್ಯ ಮರುಕ್ಷಣ ಕರೆ ಕತ್ತರಿಸಿ, ಫೋನ್ ಆಫ್ ಮಾಡಿ ಮಗಳ ಕೈಗೆ ಕೊಟ್ಟು, ಹುಳಕ್ಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿದ.

ಮಾರನೆಯ ದಿನ ಅವನು ಶಾಲೆಗೆ ಬಂದಾಗ ನಾನು ಎದ್ದು ನಿಂತೆ. ಅವನು ಹೇಳಿದ್ದು ಇಷ್ಟು: ಇನ್ನು ಸಂಜೆ ಹೊತ್ತು ಫೋನು ಮಗಳ ಹತ್ತಿರವೇ ಇರುತ್ತದೆ. "ಯಾವನ್ ಕಣ್ಣು ಎಲ್ಲೈತೆ ಅಂತ ಅವಳ್ಗೆ ಗೊತ್ತಾಯ್ತದೆ. ನಂಗಾಗಲ್ಲ."

ಸಂತೋಷದಲ್ಲಿ ನಾನು, ಅವನು ಪೊಲೀಸನೇ ಅಲ್ಲ, ಇದು ಹೊಸ ರೀತಿಯ ಮೋಸ ಎಂದು ಮೊದಲಿಂದ ಕೊನೆಯವರೆಗೆ ತಿಳಿಸಿದೆ. ಪೂರ್ತಿ ಕೇಳಿಸಿಕೊಂಡ.

"ಪೊಲೀಸೋ ಕಳ್ಳನೋ, ಇರ್ಲಿ ಬುಡಿ ಮೇಷ್ಟ್ರೇ. ಹುಳ ನೋಡ್ಬಾರ್ದಿತ್ತು" ಎಂದ.

ಈ ಪ್ರಸಂಗದಿಂದ ಓದುಗರು ಗಮನಿಸಬೇಕಾದ ಮೂರು ಅಂಶಗಳಿವೆ. ಮೊದಲನೆಯದಾಗಿ, ಇಂಥ ಕರೆ ಬಂದಾಗ ಗಾಬರಿಯಾಗದೆ, ವಿದ್ಯಾವಂತರನ್ನು ಹತ್ತಿರ ಕರೆದು...

ಇಷ್ಟು ಬರೆಯುವಷ್ಟರಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ಆ ಹುಡುಗಿಯೇ ಬಂದು ನಿಂತಿದ್ದಾಳೆ. ಹೆಡ್ ಮೇಡಂ ಚಿಲಕ ಹಾಕಿಕೊಂಡು ಕೂತಿದ್ದಾರಂತೆ. ಇವಳು ಕಿಟಕಿಯಲ್ಲಿ ಇಣುಕಿದರೆ ಫೋನಿನಲ್ಲಿ ಖಾಕಿ ಬಟ್ಟೆ, ಮೇಡಂ ತುಟಿಯ ಮೇಲೆ ಬೆರಳು.

"ನೀನೇ ಹೇಳಬೇಕಿತ್ತಲ್ಲಮ್ಮ" ಎಂದೆ.

"ಏನಂತ ಹೇಳ್ಲಿ ಸಾರ್, ಮೇಡಂ ಹುಳ ಸಾಕಿಲ್ವಲ್ಲ."