ಚಿಕ್ಕಮಾವನ ಜೇಬಿನ ಕವಳೆಕಾಯಿ

ನನ್ನ ಯಜಮಾನರ ಚಿಕ್ಕಪ್ಪನಿಗೆ, ಅಂದರೆ ನನ್ನ ಚಿಕ್ಕಮಾವನಿಗೆ, ಎದುರಿಗಿರುವವರು ನಗುನಗುತ್ತಾ ಇದ್ದರೆ ಆಗುವುದೇ ಇಲ್ಲ! ಮೂಗು, ಹುಬ್ಬು, ತುಟಿ ಎಲ್ಲ ಒಂದೆಡೆ ಸೇರಿ ಮುಖ ಕಿವುಚಿಕೊಂಡರೇ ಅವರಿಗೆ ಪರಮಾನಂದ. ಅದಕ್ಕೆಂದೇ ಕಾಯಿಯ ಕಾಲದಲ್ಲಿ ಅವರ ಅಂಗಿಯ ಜೇಬು ತುಂಬ ಕವಳೆಕಾಯಿ. ಮಧುಗಿರಿ ಬೆಟ್ಟದ ಬುಡದ ಮುಳ್ಳುಪೊದೆಗಳಲ್ಲಿ ಬಿಡುವ, ಕಿತ್ತರೆ ಹಾಲು ಜಿನುಗುವ ಆ ಪುಟ್ಟ ಕಾಯಿ ಎಷ್ಟು ಹುಳಿ ಅಂತೀರಿ? ನಮಗೆ ಅದು ಮುದ್ದೆಗೆ ಚಟ್ನಿ, ಮೊಸರನ್ನಕ್ಕೆ ಉಪ್ಪಿನಕಾಯಿ. ಚಿಕ್ಕಮಾವನ ಕೈಯಲ್ಲಿ ಅಸ್ತ್ರ!

ನನ್ನನ್ನು ನೋಡಲು ಬಂದ ದಿನ ಅವರು ಹಾಡು ಹೇಳಿಸಲಿಲ್ಲ. "ತಗಳಮ್ಮ, ಇದೊಂದ್ ತಿನ್ನು" ಎಂದರು. ತಿನ್ನುವಾಗ ಮುಖ ಸಿಂಡರಿಸಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ್ದರಲ್ಲ, ಮುಗುಳ್ನಗುತ್ತಲೇ ನುಂಗಿದೆ.

"ಈ ಹುಡ್ಗಿಗೆ ನಾಲ್ಗೆ ಐತೋ ಇಲ್ವೋ!" ಚಿಕ್ಕಮಾವ ಕಂಗಾಲು. ಮದುವೆ ತಪ್ಪುವುದರಲ್ಲಿತ್ತು!

"ಕಣ್ಣಾಗೆ ನೀರ್ ಬಂದೈತೆ, ಸರ್ಯಾಗ್ ನೋಡ್ರೀ" ಎಂದು ಕಾಪಾಡಿದವರು ಅವರ ಹೆಂಡತಿ, ನನ್ನ ಚಿಕ್ಕತ್ತೆ.

ಒಮ್ಮೆ ಕೊರಟಗೆರೆ ದಾರಿಯಲ್ಲಿ ಗಿಡ ಕಂಡು ಬಸ್ಸನ್ನೇ ನಿಲ್ಲಿಸಿದರು. "ಸ್ವಾಮೀ, ಇದು ಸರ್ಕಾರಿ ಬಸ್ಸು!" ಎಂದು ಕಂಡಕ್ಟರ್ ರೇಗಿದ.

"ಗಿಡಾನೂ ಸರ್ಕಾರದ್ದೇ ಕಣಪ್ಪಾ!"

ಇಳಿದು ಕಿತ್ತು ತಂದವರು ಮೊದಲ ಕಾಯಿಯನ್ನು ಅವನ ಬಾಯಿಗೇ ಹಾಕಿದರು. ಸೊಟ್ಟಗಾದ ತುಟಿಯಲ್ಲಿ ಸೀಟಿ ಊದುವುದು ಹೇಗೆ? ಕೊನೆಗೆ "ರೈಟ್!" ಎಂದು ಕೂಗಿದವರು ಚಿಕ್ಕಮಾವನೇ.

ಈಚೆಗೆ ಚಿಕ್ಕತ್ತೆ ಕೆಟ್ಟ ಜ್ವರದಿಂದ ಎದ್ದರು. ಎದ್ದರೇನು, ರುಚಿ ಎನ್ನುವುದೇ ಹೋಗಿತ್ತು. "ಏನ್ ತಿಂದ್ರೂ ಮಣ್ ತಿಂದಂಗೈತೆ, ಬುಡಮ್ಮ" ಎಂದು ತಟ್ಟೆ ಸರಿಸುತ್ತಿದ್ದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಹೀಗೇ ಉಪವಾಸವಿದ್ದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಕಾಯಿಯ ಕಾಲ ಇನ್ನೂ ಬಂದಿರಲಿಲ್ಲ. ಆದರೂ ಚಿಕ್ಕಮಾವ ದಿನಾ ಬೆಟ್ಟದ ಬುಡಕ್ಕೆ ಹೋಗಿ, ಖಾಲಿ ಜೇಬಿನಲ್ಲಿ ವಾಪಸಾಗುತ್ತಿದ್ದರು.

ಒಂದು ಬೆಳಿಗ್ಗೆ ಮುಂಗೈ ತುಂಬ ಮುಳ್ಳಿನ ಗೀರುಗಳೊಂದಿಗೆ ಬಂದರು. ಹಿಡಿಯಲ್ಲಿ ಕಡಲೆಕಾಳಿನಷ್ಟಿದ್ದ ಎಳೆಗಾಯಿ. ಯಾರಿಗೂ ಮುಟ್ಟಲು ಬಿಡದೆ ಉಪ್ಪು, ಒಣಮೆಣಸಿನಕಾಯಿ ಹಾಕಿ ತಾವೇ ಅರೆದು, ಬೆರಳ ತುದಿಯಲ್ಲಿ ಹೆಂಡತಿಯ ನಾಲಗೆಗೆ ಹಚ್ಚಿದರು.

ಏನೂ ಇಲ್ಲ. ಚಿಕ್ಕತ್ತೆ ಗೋಡೆ ನೋಡುತ್ತಿದ್ದರು.

ಆಮೇಲೆ ಮೂಗು ಅಲುಗಿತು. ಹುಬ್ಬು ಗಂಟಾಯಿತು. ತುಟಿ ಸೊಟ್ಟಗಾಯಿತು.

"ಥೂ, ಏನ್ ಹುಳಿ ಕಣ್ರೀ! ಇನ್ನೊಂಚೂರ್ ಉಪ್ಪು ಯಾರ್ ಹಾಕ್ತಾರೆ, ನಿಮ್ಮಪ್ಪನಾ? ಲೇ ಅಮ್ಮಯ್ಯ, ಒಂದ್ ತುತ್ತು ಮುದ್ದೆ ತಾರೆ!"

ನಾನು ಅಡುಗೆಮನೆಗೆ ಓಡುತ್ತಾ ತಿರುಗಿ ನೋಡಿದೆ. ಬಾಯಲ್ಲಿ ಒಂದು ಚೂರು ಕಾಯಿಯೂ ಇಲ್ಲದೆ ಚಿಕ್ಕಮಾವನ ಮುಖ ಕಿವುಚಿಕೊಂಡಿತ್ತು.