ಅಪರಿಚಿತ, ಎರಡನೇ ದರ್ಜೆ

ಎಂಟು ತಿಂಗಳು ತುಂಬಿದ ಪ್ರತಿಯೊಂದು ಮಗುವೂ ಹೊಸ ಮುಖವನ್ನು ಕಂಡ ಕೂಡಲೇ ಅಳತಕ್ಕದ್ದು ಎಂಬುದು ವಿಜಯನಗರದ ಶಿಶುಭಾವ ವಿಕಾಸ ಕೇಂದ್ರದ ನಿಯಮ. ಕೇಂದ್ರ ಶುರುವಾದದ್ದು ಎಂಬತ್ತೆರಡನೇ ಇಸವಿಯಲ್ಲಿ. ಅದಕ್ಕೆ ಮೊದಲು ಆ ಕಡೆಯ ಮಕ್ಕಳು ತೋಚಿದಾಗ ನಕ್ಕು, ತೋಚಿದಾಗ ಅತ್ತು, ಯಾವ ಶಿಸ್ತೂ ಇಲ್ಲದೆ ದೊಡ್ಡವರಾಗಿಬಿಡುತ್ತಿದ್ದರು.

ಕೇಂದ್ರ ಬಂದ ಮೇಲೆ ಎಲ್ಲಕ್ಕೂ ಒಂದು ಕ್ರಮ ಬಂತು. ಎರಡನೇ ತಿಂಗಳಲ್ಲಿ ಮಗು ನಗಬೇಕು. ನಿದ್ದೆಯಲ್ಲಿ ನಕ್ಕದ್ದನ್ನು ಪರಿಗಣಿಸಲಾಗುವುದಿಲ್ಲ. ಎರಡನೇ ವರ್ಷದಲ್ಲಿ ಅಂಗಡಿಯ ಮುಂದೆ ನೆಲಕ್ಕೆ ಬಿದ್ದು ಹೊರಳಾಡಬೇಕು. ಏಳನೇ ವರ್ಷದಲ್ಲಿ ಪ್ರಾಣಸ್ನೇಹಿತನ ಜೊತೆ ಟೂ ಬಿಟ್ಟು, ಸಂಜೆಯೊಳಗೆ ರಾಜಿಯಾಗಬೇಕು. ಹದಿನಾಲ್ಕಕ್ಕೆ ಊಟ ಬೇಡವೆಂದು ಕೋಣೆಯ ಬಾಗಿಲನ್ನು ಧಡಾರನೆ ಹಾಕಿಕೊಳ್ಳಬೇಕು. ಮನೆಯಲ್ಲಿ ಕೋಣೆ ಇಲ್ಲದವರು ಪಕ್ಕದ ಮನೆಯವರ ಅನುಮತಿ ಪಡೆದು ಅವರ ಬಾಗಿಲನ್ನು ಹಾಕಿಕೊಳ್ಳಬಹುದು. ಮೂಡಲಪಾಳ್ಯದ ಶಿವಗಂಗಮ್ಮ ಬಂದು, "ಮಗನಿಗೆ ಹದಿನೈದಾಯ್ತು, ಇನ್ನೂ ಒಂದು ಎದುರು ಮಾತಿಲ್ಲ ಸ್ವಾಮಿ" ಎಂದು ಅತ್ತಾಗ, ಕೇಂದ್ರವು ದೊಡ್ಡ ಮನಸ್ಸು ಮಾಡಿ ಹುಡುಗನಿಗೆ ದಸರಾ ರಜೆಯವರೆಗೆ ಗಡುವು ಕೊಟ್ಟಿತು.

ಎಂಟನೇ ತಿಂಗಳಿಗೆ ಮಾತ್ರ ಒಂದು ತೊಡಕು. ಹೊಸ ಮುಖವೊಂದು ಬೇಕಲ್ಲ? ಅದಕ್ಕಾಗಿ 'ಅಪರಿಚಿತ, ಎರಡನೇ ದರ್ಜೆ' ಎಂಬ ಹುದ್ದೆ ಮಂಜೂರಾಗಿ, ಅತ್ತಿಗುಪ್ಪೆಯ ಮರಿಯಪ್ಪನಿಗೆ ಸಿಕ್ಕಿತು. ಮೊದಲನೇ ದರ್ಜೆಯ ಅಪರಿಚಿತ ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಇರಬೇಕಾದದ್ದೂ ಹಾಗೆಯೇ.

ಮರಿಯಪ್ಪ ಇರುವೆಗೂ ದಾರಿ ಬಿಡುವಂಥ ಸಾಧು. ಆದರೂ ಹುದ್ದೆಯ ಗೌರವಕ್ಕಾಗಿ ದಪ್ಪ ಮೀಸೆ ಬಿಟ್ಟ, ಅದಕ್ಕೆ ಎಣ್ಣೆಯನ್ನು ಸರ್ಕಾರವೇ ಕೊಡುತ್ತಿತ್ತು. ಪರದೆ ಸರಿಸಿ ಮುಖ ತೋರಿಸಿ, "ಬಾ" ಎನ್ನುವುದು ಅವನ ಕೆಲಸ. ಮಗು ಕಿಟಾರನೆ ಕಿರುಚುತ್ತಿತ್ತು, ತಾಯಿ ಸಂತೋಷದಿಂದ ಎತ್ತಿಕೊಂಡು ಮನೆಗೆ ಹೋಗುತ್ತಿದ್ದಳು. ಷರತ್ತು ಒಂದೇ. ಪರೀಕ್ಷೆಯಲ್ಲಿ ಯಾವ ಮಗುವಾದರೂ ಅವನನ್ನು ನೋಡಿ ನಕ್ಕರೆ ಅವನು ಅಪರಿಚಿತನಲ್ಲವೆಂದು ತೀರ್ಮಾನವಾಗಿ, ಕೆಲಸ ಹೋಗುತ್ತದೆ.

ಹೀಗೆ ಸಲೀಸಾಗಿ ನಡೆಯುತ್ತಿರುವಾಗ, ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಮರಿಯಪ್ಪನಿಗೇ ಒಂದು ಗಂಡು ಮಗುವಾಯಿತು. ಚಿಕ್ಕಣ್ಣ ಎಂದು ತನ್ನ ಅಪ್ಪನ ಹೆಸರಿಟ್ಟ. ಎರಡನೇ ತಿಂಗಳಲ್ಲಿ ಮಗು ಮೀಸೆ ನೋಡಿ ಬೊಚ್ಚುಬಾಯಿ ತೆರೆದು ನಕ್ಕಾಗ ಮರಿಯಪ್ಪನಿಗೆ ಸ್ವರ್ಗ ಮೂರೇ ಗೇಣು. ಓಡಿಹೋಗಿ ಸೂಪರಿಂಟೆಂಡೆಂಟ್ ಕಲ್ಯಾಣಮ್ಮನವರಿಗೆ ವರದಿ ಮಾಡಿದ. ಅವರು ಕನ್ನಡಕ ತೆಗೆದಿಟ್ಟರು.

"ಯಾರನ್ನ ನೋಡಿ ನಕ್ಕಿದ್ದು?"

"ನನ್ನನ್ನೇ ಮೇಡಂ!"

"ಎಂಟನೇ ತಿಂಗಳಲ್ಲೂ ಹಂಗೇ ನಕ್ಕುಬಿಟ್ರೆ ಏನ್ರೀ ಗತಿ?"

ಮರಿಯಪ್ಪ ಕೈಮುಗಿದ. "ನನ್ನ ಮಗೂನ ಬೇರೆ ಯಾರಾದ್ರೂ ಪರೀಕ್ಷೆ ಮಾಡ್ಲಿ ಮೇಡಂ."

"ಇರೋದೇ ಒಂದು ಪೋಸ್ಟು. ಸ್ವಂತ ಮಗು ಅಂತ ಬಿಟ್ರೆ ಪಕ್ಷಪಾತ ಆಗುತ್ತೆ. ಅಲ್ಲೀವರೆಗೂ ಮನೇಲಿ ಮುಖ ತೋರಿಸ್ಬೇಡಿ, ಅಷ್ಟೇ."

"ಇರೋದು ಒಂದೇ ಕೋಣೆ ಮೇಡಂ. ಮುಖಾನ ಎಲ್ಲಿಡ್ಲಿ?"

ಕಲ್ಯಾಣಮ್ಮ ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಮನೆಗೆ ಪೇಪರ್ ತರಿಸ್ತೀರಾ?"

ಅಂದಿನಿಂದ ಮರಿಯಪ್ಪ ಮನೆಯಲ್ಲಿರುವಷ್ಟು ಹೊತ್ತೂ ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ. ಊಟವನ್ನು ಗೋಡೆಯ ಕಡೆ ತಿರುಗಿ ಮಾಡಿದ. ಮಗುವನ್ನು ಎತ್ತಿ ಮುದ್ದಿಸಬೇಕೆಂದು ಕೈ ತುರಿಸುತ್ತಿತ್ತು, ಆದರೆ ಎರಡು ಕೈಯಲ್ಲೂ ಪೇಪರ್ ಇತ್ತು. ಹೆಂಡತಿ ಜಗದಾಂಬಾ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. ತಾಯಿ ಅಕ್ಕಯ್ಯಮ್ಮನಿಗೆ ಮಾತ್ರ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

"ಯಾಕೋ ಇಷ್ಟು ಪೇಚಾಡ್ತೀಯ? ನಿಮ್ಮಪ್ಪ ಬಂದ್ರೆ ನೀನೂ ಕದದ ಸಂದೀಲಿ ಸೇರ್ಕೊಂತಿದ್ದೆ. ಅವ್ರಿಗೆ ಯಾವ ಸರ್ಕಾರ ಸಂಬಳ ಕೊಡ್ತಿತ್ತು ಹೇಳು?"

ಏಳನೇ ತಿಂಗಳ ಕೊನೆಗೆ ಚಿಕ್ಕಣ್ಣ ಅಂಬೆಗಾಲಿಟ್ಟು ಬಂದು, ಪೇಪರನ್ನು ಪಟಪಟನೆ ತಟ್ಟಿ, "ಅಪ್ಪ" ಅಂದ.

"ರೀ, ಅಪ್ಪ ಅಂತು ಕಣ್ರೀ!" ಜಗದಾಂಬಾ ಒಲೆ ಬಿಟ್ಟು ಓಡಿಬಂದಳು.

"ನನಗಾ?" ಪೇಪರಿನ ಹಿಂದಿನಿಂದ ಮರಿಯಪ್ಪ ಕೇಳಿದ.

ಜಗದಾಂಬಾ ಮಗುವನ್ನೂ ನೋಡಿದಳು, ಪೇಪರನ್ನೂ ನೋಡಿದಳು. ಮತ್ತೆ ಒಲೆಯ ಕಡೆಗೆ ಹೋದಳು.

ಪರೀಕ್ಷೆಯ ದಿನ ಮರಿಯಪ್ಪ ಪರದೆ ಸರಿಸಿ ಬರಿ ಮುಖದಲ್ಲಿ ನಿಂತು "ಬಾ" ಎಂದ. ಚಿಕ್ಕಣ್ಣ ಬೆಚ್ಚಿಬಿದ್ದು, ಅಮ್ಮನ ಕುತ್ತಿಗೆಗೆ ಜೋತುಬಿದ್ದು, ಉಸಿರು ಕಟ್ಟುವಂತೆ ಅತ್ತ. ಇಂಥ ಅಳುವನ್ನು ಕೇಂದ್ರ ಹಿಂದೆಂದೂ ಕೇಳಿರಲಿಲ್ಲ. ಸ್ವಂತ ಮಗುವಿಗೇ ಅಪರಿಚಿತನಾಗಿರುವ ಅಪ್ರತಿಮ ಕರ್ತವ್ಯನಿಷ್ಠೆಯನ್ನು ಮೆಚ್ಚಿ, ಮರಿಯಪ್ಪನ ಹುದ್ದೆಯನ್ನು ಅಲ್ಲಿಯೇ ಕಾಯಂ ಮಾಡಲಾಯಿತು.

ಅವನು ಕುಣಿಯುತ್ತಾ ಮನೆಗೆ ಬಂದು, ಪೇಪರನ್ನು ಮೂಲೆಗೆಸೆದು, ಎರಡೂ ಕೈ ಚಾಚಿದ. ಮಗು ಚೀರಿಕೊಂಡು ಅಜ್ಜಿಯ ಹಿಂದೆ ಅಡಗಿತು. ಸ್ವಲ್ಪ ಹೊತ್ತಿನ ಮೇಲೆ ಮೂಲೆಗೆ ತೆವಳಿಕೊಂಡು ಹೋಗಿ, ಪೇಪರಿನ ಮೇಲೆ ಕೆನ್ನೆಯಿಟ್ಟು ಮಲಗಿತು. ಮರಿಯಪ್ಪ ಹೊರಗೆ ಬಂದು ಬಾಗಿಲಲ್ಲಿ ಕೂತ.

ಪಕ್ಕದ ಮನೆಯ ದೊಡ್ಡಣ್ಣ ಸಮಾಧಾನ ಹೇಳಿದ. "ಬೇಜಾರ್ ಮಾಡ್ಕೋಬೇಡ ಗುರು. ನಮ್ಮನೇಲೂ ಹಂಗೇ. ನಮ್ ಹುಡ್ಗ ಈಗ ಕಾಲೇಜು. ನನ್ ಮುಖ ಅಂತ ಅವ್ನು ನೋಡಿದ್ದು ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ. ಅವತ್ತೂ ನೋಡಬಾರ್ದಿತ್ತು ಅಂತಾನೆ."

ಹೀಗಾಗಿ ಪೇಪರ್ ಮತ್ತೆ ಮೇಲೇರಿತು. ಹಬ್ಬದ ಮಾರನೇ ದಿನ ಪೇಪರ್ ಬರುವುದಿಲ್ಲವಾದ್ದರಿಂದ, ಮಗು ತಬ್ಬಲಿಯಾಗದಂತೆ ಹಳೆಯದೊಂದನ್ನು ಎತ್ತಿಡುವ ರೂಢಿಯಾಯಿತು.

ಹತ್ತನೇ ತಿಂಗಳಲ್ಲಿ ಇನ್ನೊಂದು ಘಟ್ಟ. ಹೆತ್ತವರು ಕಣ್ಮರೆಯಾದರೆ ಮಗು ದುಃಖಿಸತಕ್ಕದ್ದು. ತಪಾಸಣೆಗೆಂದು ಕಲ್ಯಾಣಮ್ಮ ಭಾನುವಾರ ಮನೆಗೇ ಬಂದರು. ಸರಿಯಾಗಿ ಅದೇ ಹೊತ್ತಿಗೆ ಹಳೇ ಪೇಪರ್‌ನವನೂ ಬಂದ. ಕಂತೆಯನ್ನು ತಕ್ಕಡಿಗೆ ಹಾಕಿ ತೂಗಿ, ಗೋಣಿಗೆ ತುಂಬಿ, ಸೈಕಲ್ಲಿಗೆ ಕಟ್ಟಿಕೊಂಡು ಹೊರಟ. ಚಿಕ್ಕಣ್ಣ "ಅಪ್ಪ, ಅಪ್ಪ" ಎಂದು ಕೂಗುತ್ತಾ ಗೇಟಿನವರೆಗೂ ತೆವಳಿಕೊಂಡು ಹೋಗಿ, ಕಂಬಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಬೀದಿಯವರೆಲ್ಲ ಹೊರಗೆ ಬಂದರು.

"ಅಪ್ಪನ್ನ ಕಂಡ್ರೆ ಎಷ್ಟು ಪ್ರಾಣ ನೋಡ್ರೀ ಈ ಮಗೂಗೆ! ಪಾಸು, ಫಸ್ಟ್ ಕ್ಲಾಸು!" ಎಂದರು ಕಲ್ಯಾಣಮ್ಮ. ನೆರೆದವರೆಲ್ಲ ಹೌದೆಂದು ತಲೆದೂಗಿದರು.

ಮರಿಯಪ್ಪ ಅಂದಿನ ಪೇಪರಿನ ಹಿಂದೆ ಕೂತು ಗಳಗಳನೆ ಅಳುತ್ತಿದ್ದ. ಪೇಪರ್ ಪೂರ್ತಿ ಒದ್ದೆಯಾಗಿ ಹರಿದುಹೋದದ್ದರಿಂದ, ಮಗುವನ್ನು ಸುಮ್ಮನಿರಿಸಲು ದೊಡ್ಡಣ್ಣ ತನ್ನ ಮನೆಯ ಪೇಪರನ್ನು ಕಳಿಸಿಕೊಟ್ಟ. ಚಿಕ್ಕಣ್ಣ ಅದನ್ನು ತಬ್ಬಿಕೊಂಡು ನಕ್ಕ.